ಆಪಾರ ಎರಡನೇ ಫೋಟೋ

ಆಪಾ ಕುರ್ಚಿಯಲ್ಲಿ ಪೂರ್ತಿ ಕೂತದ್ದನ್ನು ನಾನು ನೋಡಿಲ್ಲ. ತುದಿಯ ಮೇಲೆ ಕೂತು, ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು, ಎಡಗೈಯಲ್ಲಿ ಮೊಬೈಲು ಹಿಡಿದು ಬಲಗೈಯಿಂದ ರೊಟ್ಟಿ ಮುರಿಯುತ್ತಿದ್ದರು. ವಿಜಯಪುರದ ನಮ್ಮ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಹೆಸರು ಮೆಹರುನ್ನಿಸಾ, ಪ್ರಿನ್ಸಿಪಾಲರಿಂದ ಹಿಡಿದು ಚಹಾ ತರುವವನವರೆಗೆ ಎಲ್ಲರಿಗೂ ಆಪಾ, ಅಂದರೆ ಅಕ್ಕ. ಅವರ ಫೋನು ಕುಕ್ಕರಿನ ಹಾಗೆ ಸೀಟಿ ಹೊಡೆದರೆ ನಾನು ಕಾರಿನ ಕೀಲಿ ಹುಡುಕಬೇಕಿತ್ತು. ಯಾಕೆಂದರೆ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ನನಗೆ ಬರುತ್ತಿತ್ತು.

ಸೀಟಿ ಅಂದರೆ ಆಕಾಶದ ಸುದ್ದಿ. ಊಹೆಗೂ ನಿಲುಕದ ದೂರದಲ್ಲಿ ದೊಡ್ಡ ನಕ್ಷತ್ರವೊಂದು ಕುಸಿದು ಸಾಯುವಾಗ ಗಾಮಾ ಕಿರಣಗಳು ಕೆಲವು ಕ್ಷಣ ಸಿಡಿಯುತ್ತವೆ. ನಮ್ಮ ಗಾಳಿ ಅವನ್ನು ನೆಲಕ್ಕೆ ಬಿಡುವುದಿಲ್ಲ. ಭೂಮಿಯನ್ನು ಸುತ್ತುವ ದೂರದರ್ಶಕವೇ ಹಿಡಿಯಬೇಕು. ಅದು ಹಿಡಿದ ಕೂಡಲೇ ಇಂಥ ದಿಕ್ಕು ಎಂದು, ಕಾಯುತ್ತಿರುವವರ ಫೋನಿಗೆಲ್ಲ ಸುದ್ದಿ ಬರುತ್ತದೆ. ಸಿಡಿದ ಜಾಗದಲ್ಲಿ ಮಂದ ಬೆಳಕೊಂದು ಉಳಿದು ತಾಸಿನಿಂದ ತಾಸಿಗೆ ಇಳಿಯುತ್ತದೆ. ಅದು ಆರಿಹೋಗುವುದರೊಳಗೆ ನೆಲದ ಮೇಲಿನವರು ಫೋಟೋ ತೆಗೆಯಬೇಕು. ಆಪಾ ಕೊಂಡ ದೂರದರ್ಶಕ ವಿಜಯಪುರದಿಂದ ಅರ್ಧ ತಾಸಿನ ದಾರಿಯ ತಿಕೋಟಾದಲ್ಲಿ, ಅವರ ತಮ್ಮ ರಫೀಕನ ಒಣದ್ರಾಕ್ಷಿ ಶೆಡ್ಡಿನ ಪಕ್ಕದ ಮಾಳಿಗೆಯ ಮೇಲಿತ್ತು. ಆ ಬೆಳಕನ್ನು ಒಂದೇ ಒಂದು ಸಲ ಹಿಡಿಯಬೇಕೆನ್ನುವುದು ಅವರ ಹಟ. ವರ್ಷಗಟ್ಟಲೆ ಸಿಕ್ಕಿರಲಿಲ್ಲ. ಪ್ರತಿ ಸಲವೂ "ನೋಡಿದೆವು, ಕಾಣಲಿಲ್ಲ" ಎಂದು ಉಳಿದ ಖಗೋಳ ವೀಕ್ಷಕರಿಗೆಲ್ಲ ವರದಿ ಕಳಿಸುತ್ತಿದ್ದರು.

"ಕಾಣಲಿಲ್ಲ ಅಂತ ಹೇಳಾಕ ಇಷ್ಟ ಪೆಟ್ರೋಲ್ ಸುಡಬೇಕೇನ್ರಿ ಆಪಾ?" ಎಂದು ಕಾಡಿಸುತ್ತಿದ್ದೆ.

"ನೋಡಿ ಕಾಣಲಿಲ್ಲ ಅನ್ನೂದು ಬ್ಯಾರೆ, ನೋಡಲಾರದ ಸುಮ್ನ ಕುಂದ್ರೂದು ಬ್ಯಾರೆ. ನೀ ಲಗೂನ ಗಾಡಿ ತಗಿ."

ಒಮ್ಮೆ ಬಬಲೇಶ್ವರದಲ್ಲಿ ಅವರ ಅಣ್ಣನ ಮಗಳ ಮದುವೆ, ನಾನೂ ಹೋಗಿದ್ದೆ. ಊಟಕ್ಕೆ ಕೂತಾಗಲೇ ಸೀಟಿ. ಆಪಾ ಬಿರಿಯಾನಿ ಬಿಟ್ಟು ಅಂಗಳಕ್ಕೆ ಬಂದು, ಹಣೆಗೆ ಸೆರಗು ಅಡ್ಡ ಹಿಡಿದು, ನೆತ್ತಿಯ ಮೇಲಿನ ಸೂರ್ಯನನ್ನು ಬೈಯತೊಡಗಿದರು. "ಹೊತ್ತ ಮುಣಗವಲ್ದು ನೋಡು! ಅಲ್ಲಿ ಬೆಳಕ ಆರಾಕತ್ತೈತಿ, ಇದಕ್ಕ ಏನ್ ಚಿಂತಿ?" ಊಟದಲ್ಲಿ ಏನು ಕೊರತೆಯಾಯಿತೋ ಎಂದು ಬೀಗರು ಗಾಬರಿಯಾದರು.

ಸಂಜೆ ತಿಕೋಟಾದಲ್ಲಿ ತೆಗೆದ ಮೊದಲ ಫೋಟೋದಲ್ಲೇ, ಆ ಜಾಗಕ್ಕೆ ಸರಿಯಾಗಿ ಒಂದು ಹೊಸ ಚುಕ್ಕೆ! ನಾನು ಕುಣಿದಾಡಿಬಿಟ್ಟೆ. ಆಪಾ ನನ್ನ ಕೈ ಗಟ್ಟಿಯಾಗಿ ಹಿಡಿದರು.

"ತಡಿ ಶೈಲಾ. ಒಂದ ಫೋಟೋದಾಗ ಏನೂ ಗೊತ್ತಾಗಂಗಿಲ್ಲ. ತಾಸ ಬಿಟ್ಟ ಎರಡನೇದು ತಗೀಬೇಕು. ಬೆಳಕ ಇಳದಿದ್ರ ಅಷ್ಟ ಖರೆ."

ಆ ಒಂದು ತಾಸು ಅವರು ಮಾಳಿಗೆಯ ಉದ್ದಗಲ ಅಳೆದರು. ಎರಡನೇ ಫೋಟೋದಲ್ಲಿ ಚುಕ್ಕೆ ಮಂದವಾಗಿರಲಿಲ್ಲ, ಜಾಗ ಮಾತ್ರ ಕೊಂಚ ಬದಲಿಸಿತ್ತು. ಸೂರ್ಯನನ್ನು ಸುತ್ತುತ್ತ ಸರಿಯುವ ಯಾವುದೋ ಸಣ್ಣ ಕ್ಷುದ್ರಗ್ರಹ. "ಮದುವಿ ಬಿರಿಯಾನಿನೂ ಹೋತು" ಎಂದು ನಕ್ಕರು. ನನಗೆ ಮಾತ್ರ ಅಳು ಬಂದಿತ್ತು.

ಕಳೆದ ಚಳಿಗಾಲದಲ್ಲಿ ಅವರ ಹೃದಯ ಕೈಕೊಟ್ಟಿತು. ವಿಜಯಪುರದ ಆಸ್ಪತ್ರೆಯಲ್ಲಿ, ಅಲುಗಾಡದೆ ಮಲಗಿರಬೇಕೆಂದು ಡಾಕ್ಟರು ಹೇಳಿದ್ದರು. ಆಪಾಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇರಲಿಲ್ಲ. ಒಂದು ಸಂಜೆ ನಾನು ಪಕ್ಕದಲ್ಲಿದ್ದಾಗಲೇ ದಿಂಬಿನ ಕೆಳಗೆ ಸೀಟಿ. ರಫೀಕ ಫೋನು ಕಸಿದುಕೊಳ್ಳಲು ಹೋದ. ಅಷ್ಟರಲ್ಲಿ ಆಪಾ ದಿಕ್ಕು ಓದಿ ನನ್ನ ಮುಖ ನೋಡಿದರು. ಇಷ್ಟು ವರ್ಷ ಜೊತೆಗಿದ್ದು ಆ ಯಂತ್ರದ ಮೇಲೆ ನನಗೂ ಕೈ ಕುದುರಿತ್ತು.

"ಇವತ್ತ ನಾ ಇಲ್ಲೇ ಇರ್ತೇನ್ರಿ ಆಪಾ" ಅಂದೆ.

"ಇಲ್ಲಿ ಕುಂತ ಏನ್ ಹಿಡೀತಿ? ನಾ ನಾಳಿನೂ ಇರ್ತೇನಿ, ಅದು ಇರಂಗಿಲ್ಲ. ಏಳು, ನಡಿ!"

ತಿಕೋಟಾಗೆ ಹೋದೆ. ಮೊದಲ ಫೋಟೋದಲ್ಲಿ ಚುಕ್ಕೆ ಇತ್ತು. ಫೋನು ಮಾಡಿದೆ. ಆಪಾರ ದನಿ ಅರ್ಧಕ್ಕರ್ಧ ಉಸಿರೇ ಆಗಿತ್ತು. ನನಗೆ ಭಯವಾಯಿತು. "ಇಷ್ಟ ಸಾಕ್ರಿ, ನಾ ವಾಪಸ್ ಬರ್ತೇನ್ರಿ" ಅಂದೆ.

"ಎರಡನೇದು?" ಅಂದರು.

ನಿಂತೆ. ಹೋಗಿಬಿಡಲೇ, ಇರಲೇ ಎಂದು ಆ ತಾಸೆಲ್ಲ ಮಾಳಿಗೆಯ ಮೆಟ್ಟಿಲು ಹತ್ತಿದೆ, ಇಳಿದೆ. ಕೊನೆಗೆ ಎರಡನೇ ಫೋಟೋ ತೆಗೆದು ಮೊದಲನೆಯದರ ಪಕ್ಕಕ್ಕಿಟ್ಟೆ. ಚುಕ್ಕೆ ಅದೇ ಜಾಗದಲ್ಲಿತ್ತು, ಮಂದವಾಗಿತ್ತು.

"ಆಪಾ, ಇಳದೈತ್ರಿ! ಖರೇನ ಇಳದೈತ್ರಿ!"

"ಹಂಗಾರ ಲಗೂನ ಕಳಸು. ತಡಾ ಮಾಡಬ್ಯಾಡ" ಅಂದರು.

ಅವರ ಹೆಸರು ಮೊದಲು ಹಾಕಿ ವರದಿ ಕಳಿಸಿದೆ. ಎರಡೂ ಫೋಟೋ ತೋರಿಸಬೇಕೆಂದು ಕಾರನ್ನು ಹುಚ್ಚಾಪಟ್ಟೆ ಓಡಿಸಿದೆ. ದಾರಿ ನಡುವಿನ ಇಟ್ಟಂಗಿಹಾಳ ಸಮೀಪಿಸಿದಾಗ ರಫೀಕನ ಫೋನು ಬಂತು. "ಅಕ್ಕಾರ, ಆಪಾ ಹೋದಳ್ರಿ" ಅಂದ.

ನಾಳೆಯೂ ಇರುತ್ತೇನೆಂದು ಹೇಳಿ ನನ್ನನ್ನು ಎಬ್ಬಿಸಿ ಕಳಿಸಿದ್ದಕ್ಕೆ ಆಪಾ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಂದು ಅಲ್ಲಿಂದ ಆಸ್ಪತ್ರೆಯವರೆಗೆ ಕಾರನ್ನು ನಿಧಾನವಾಗಿ ಓಡಿಸಿದೆ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದು ನನ್ನನ್ನು ದಾಟಿಕೊಂಡು ಹೋದವು.