ಗೌರಿಯ ರಕ್ತದಲ್ಲಿ ಇಬ್ಬರು

“ಇದರ ರಕ್ತದಾಗ ಎರಡು ನಾಯಿ ಅದಾವ್ರಿ,” ಎಂದರು ಪಶುವೈದ್ಯರು, ವರದಿಯಿಂದ ಕಣ್ಣೆತ್ತದೆ. ನಾಲ್ಕು ವರ್ಷವಾದರೂ ಬೆದೆಗೆ ಬಾರದ ನಮ್ಮ ಹೆಣ್ಣುನಾಯಿ ಗೌರಿ ಮೇಜಿನ ಮೇಲೆ ಸುಮ್ಮನೆ ನಿಂತಿತ್ತು. ತಾಯಿಯ ಹೊಟ್ಟೆಯಲ್ಲೇ ಜೊತೆಗಿದ್ದ ಗಂಡು ಮರಿಯ ರಕ್ತ ಇದರೊಳಗೆ ಬೆರೆತಿದೆಯಂತೆ. ಹೆಣ್ಣಿನ ವರ್ಣತಂತುಗಳ ಜೊತೆ ಗಂಡಿನವೂ ಸೇರಿರುವುದರಿಂದ ಇದಕ್ಕೆ ಮರಿಯಾಗುವುದಿಲ್ಲವಂತೆ.

ಅವ್ವ ಗೌರಿಯನ್ನು ತನ್ನತ್ತ ಎಳೆದುಕೊಂಡಳು. ಗೌರಿಯ ಬೆನ್ನಿಗೇ ಸತ್ತು ಹುಟ್ಟಿದ ಗಂಡು ಮರಿಯನ್ನು ಮಾಳಮಡ್ಡಿಯ ನಮ್ಮ ಹಿತ್ತಿಲ ಪೇರಲ ಗಿಡದ ಬುಡದಲ್ಲಿ ಹೂಳಿದವಳು ಅವಳೇ. ಪ್ರತಿ ಅಮಾವಾಸ್ಯೆ ಅಲ್ಲೊಂದು ರೊಟ್ಟಿಯ ಎಡೆ ಇಡುತ್ತಿದ್ದಳು.

ಈ ಅಮಾವಾಸ್ಯೆ ಅವ್ವ ಗಿಡದ ಬಳಿ ಹೋಗಲಿಲ್ಲ. “ಅಂವ ಅಲ್ಲಿಲ್ಲ, ಇಲ್ಲೇ ಅದಾನ,” ಎಂದು ಎಡೆಯ ರೊಟ್ಟಿಯನ್ನೂ ಗೌರಿಯ ತಾಟಿಗೇ ಹಾಕಿದಳು. ಗೌರಿ ಒಂದು ರೊಟ್ಟಿ ತಿಂದು ಎದ್ದು ಹೋಯಿತು. ಕ್ಷಣದಲ್ಲೇ ಮರಳಿ ಬಂದು, ಅಂದಿನ ಮೊದಲ ತುತ್ತೆಂಬಂತೆ ಇನ್ನೊಂದನ್ನು ಗಬಗಬ ತಿಂದಿತು.