ಅಕ್ಕನ ಮಡಿಗೆ ಒಂದು ಫೋನು

ಧನುರ್ಮಾಸ ಬಂತೆಂದರೆ ಗುಂಡ್ಲುಪೇಟೆಯ ನನ್ನ ಅಕ್ಕನ ಮನೆಯಲ್ಲಿ ಸೂರ್ಯನಿಗಿಂತ ಮೊದಲೇ ದೀಪ ಬೆಳಗುತ್ತದೆ. ಒಲೆಯ ಮೇಲೆ ಹುಗ್ಗಿ ಕುದಿಯುತ್ತಿರುವಾಗ ಅವಳು ಮಡಿಯುಟ್ಟು ದೇವರ ಮುಂದೆ ಕುಳಿತು, ನಮ್ಮ ತಾಯಿಯ ಕಾಲದ ಸ್ತೋತ್ರದ ಪುಸ್ತಕವನ್ನು ವ್ಯಾಸಪೀಠದ ಮೇಲಿರಿಸಿಕೊಂಡು ಪಾರಾಯಣ ಮಾಡುತ್ತಾಳೆ. ಅದರ ಬಹುಭಾಗ ಅವಳಿಗೆ ಕಂಠಪಾಠ. ಆದರೂ ಅಕ್ಷರ ನೋಡಿಯೇ ಹೇಳಬೇಕೆಂಬುದು ಅವಳ ನೇಮ. ನಾಲಗೆಯೊಂದನ್ನೇ ನಂಬಿದರೆ ಮನಸ್ಸು ಅಡುಗೆಮನೆಗೆ ಹೋಗಿಬಿಡುತ್ತದೆ, ಕಣ್ಣನ್ನೂ ಕಟ್ಟಿಹಾಕಬೇಕು ಎಂದು ನಮ್ಮ ತಾಯಿ ಹೇಳಿಕೊಟ್ಟಿದ್ದರು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಅಕ್ಕ ಆ ಪುಸ್ತಕವನ್ನು ನನ್ನ ಕೈಗೆ ಕೊಟ್ಟಳು. ಹೊಲಿಗೆ ಬಿಟ್ಟು ಹಾಳೆಗಳು ಬಿಡಿಬಿಡಿಯಾಗಿದ್ದವು. ಚಾಮರಾಜನಗರದಲ್ಲಿ ನನಗೆ ಪರಿಚಯವಿರುವ ಬೈಂಡಿಂಗಿನವರು ಒಂದು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇದು ಸೂಜಿ ತಡೆಯುವುದಿಲ್ಲ, ಮುಟ್ಟಿದರೆ ಹಪ್ಪಳ ಎಂದು ಗೌರವದಿಂದಲೇ ಹಿಂದಿರುಗಿಸಿದರು. ಆ ಸುದ್ದಿಯನ್ನು ತಿಳಿಸಲು ಅಕ್ಕನಿಗೆ ಫೋನು ಮಾಡಿದೆ. ಅವಳು ಹೇಳಿದಳು: "ಹೋಗಲಿ ಬಿಡೋ. ಹೊಲಿದರೂ ನನಗೆ ಕಾಣಬೇಕಲ್ಲ. ಹೋದ ವರ್ಷವೇ ಅರ್ಧ ಊಹೆಯ ಮೇಲೆ ಓದಿದೆ. ಈ ಸಲ ಕೈಮುಗಿದು ಕೂತಿರ್ತೀನಿ."

ಅವಳ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ದಾರಿ ಕಾಣುತ್ತಿತ್ತು, ಮುಖ ಕಾಣುತ್ತಿತ್ತು, ಸಣ್ಣ ಅಕ್ಷರ ಮಾತ್ರ ಇರುವೆಯ ಸಾಲಾಗಿ ಹರಿದುಹೋಗುತ್ತಿತ್ತು. ದೊಡ್ಡ ಅಕ್ಷರದ ಬೇರೆ ಪುಸ್ತಕ ತರುತ್ತೇನೆಂದರೆ ಅವಳು ಒಪ್ಪಲಿಲ್ಲ. ತಾಯಿ ತನ್ನ ಬೆರಳು ಹಿಡಿದು ಅಕ್ಷರ ಕಲಿಸಿದ್ದು ಆ ಹಾಳೆಗಳ ಮೇಲೆ. ಕಡೆಯತನಕ ಅದೇ ಎಂದಳು. ಹುಟ್ಟಿದಂದಿನಿಂದ ನಾನು ಕೇಳಿಕೊಂಡು ಬಂದ ಒಂದು ಸ್ವರ ಈ ಧನುರ್ಮಾಸದಲ್ಲಿ ನಿಂತುಹೋಗುವುದೆಂಬ ಯೋಚನೆಯಿಂದ ಆ ರಾತ್ರಿ ನನಗೆ ಊಟ ಸೇರಲಿಲ್ಲ.

ದಾರಿ ತೋರಿಸಿದವಳು ನನ್ನ ಸೊಸೆ. ಇಲ್ಲಿಯೇ, ಚಾಮರಾಜನಗರದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. "ಮಾವ, ಪುಸ್ತಕದ ಪ್ರತಿ ಪುಟದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಟ್ಟರೆ ಗುಂಡ್ಲುಪೇಟೆ ಅತ್ತೆ ಬೆರಳಿನಿಂದಲೇ ಅಕ್ಷರ ದೊಡ್ಡದು ಮಾಡಿಕೊಂಡು ಓದಬಹುದು," ಎಂದಳು. ನನ್ನ ಫೋನಿಗೆ ಆ ಶಕ್ತಿಯಿರಲಿಲ್ಲ. ಅಕ್ಕನದು ಗುಂಡಿಯೊತ್ತುವ ಚಿಕ್ಕ ಫೋನು. ತೀರ ದುಬಾರಿಯೂ ಆಗದ, ತೀರ ಅಗ್ಗವೂ ಅಲ್ಲದ ಒಂದನ್ನು ಅಕ್ಕನಿಗೇ ಎಂದು ಕೊಳ್ಳುವುದೆಂದು ನಿರ್ಧಾರವಾಯಿತು.

ಅಂಗಡಿಯಲ್ಲಿದ್ದ ಹುಡುಗಿ ಬಹಳ ಉತ್ಸಾಹಿ. ಗಾಜಿನ ಪೆಟ್ಟಿಗೆಯಿಂದ ಒಂದನ್ನು ತೆಗೆದು, ಮದುಮಗಳನ್ನು ತೋರಿಸುವವರಂತೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ತೆಳ್ಳಗೆ ಇತ್ತು, ಅಂಚುಗಳು ಬಾಳೆಲೆಯ ಹಾಗೆ ಬಾಗಿದ್ದವು. ಬಣ್ಣಕ್ಕೆ ಏನೋ ಇಂಗ್ಲಿಷಿನ ಹೆಸರು ಹೇಳಿದಳು, ಜೊತೆಗೆ ಬಂದಿದ್ದ ನನ್ನ ಹೆಂಡತಿ ಅವರೆಕಾಯಿ ಸಿಪ್ಪೆಯ ಬಣ್ಣ ಎಂದು ಅದನ್ನು ಅನುವಾದಿಸಿದಳು. ಪರದೆ ಒಳ್ಳೆಯದು, ಬ್ಯಾಟರಿ ಒಳ್ಳೆಯದು, ಮಳೆಯಲ್ಲಿ ನೆನೆದರೂ ಏನೂ ಆಗುವುದಿಲ್ಲ ಎಂದು ಹುಡುಗಿ ವರ್ಣಿಸಿದಳು. ಮಳೆಗೆ ನನ್ನ ಹತ್ತಿರ ಕೊಡೆಯಿದೆಯಮ್ಮ ಎಂದೆ. ಕೊನೆಗೆ ಅವಳು ಫೋನನ್ನು ಮಗುಚಿ ಅದರ ಬೆನ್ನನ್ನು ನನ್ನ ಅಂಗೈಗೆ ಸವರಿಸಿ, "ಮುಟ್ಟಿ ನೋಡಿ ತಾತ, ಲೆದರ್ ಫಿನಿಶ್," ಎಂದಳು.

ನಾನು ಕೈ ಹಿಂದೆಗೆದುಕೊಂಡೆ. ಚರ್ಮದ ವಸ್ತು ಅಕ್ಕನ ದೇವರ ಮನೆಯ ಹೊಸಲು ದಾಟುವುದು ಸಾಧ್ಯವಿಲ್ಲದ ಮಾತು. ಯಾವ ಪ್ರಾಣಿಯದೆಂದು ಕೇಳಿದೆ. ಹುಡುಗಿಗೆ ನಗು ಬಂತು. ನನ್ನ ಮುಖ ನೋಡಿ ನುಂಗಿಕೊಂಡಳು. ಪ್ರಾಣಿಯದಲ್ಲ, ನೋಡುವುದಕ್ಕೆ ಹಾಗೆ ಅಷ್ಟೆ ಎಂದು ಪ್ರಮಾಣ ಮಾಡಿದಳು. ನಮ್ಮೊಡನೆ ಬಂದಿದ್ದ ಸೊಸೆಯೂ ಹೌದೆಂದಳು. ಇಷ್ಟವಾಗದಿದ್ದರೆ ವಾರದೊಳಗೆ ತಂದುಕೊಟ್ಟರೆ ಬೇರೆ ಕೊಡುತ್ತೇವೆಂಬ ಮಾತಿನ ಮೇಲೆ ಅದನ್ನು ಮನೆಗೆ ತಂದೆವು. ನಾನು ಓದಿದ ತರ್ಕಶಾಸ್ತ್ರದಲ್ಲಿ ಒಂದು ಕ್ರಮವಿದೆ: ಮೊದಲು ಪದಾರ್ಥದ ಹೆಸರು, ಆಮೇಲೆ ಲಕ್ಷಣ, ಆಮೇಲೆ ಪರೀಕ್ಷೆ. ಹೆಸರು, ಲಕ್ಷಣ ಅಂಗಡಿಯಲ್ಲಾಗಿದ್ದವು. ಪರೀಕ್ಷೆ ನನ್ನ ಪಾಲಿಗೆ ಉಳಿಯಿತು.

ಮೊದಲ ದಿನ ಬೆಳಗಿನ ಜಾವ ಸ್ನಾನ ಮಾಡಿ ಫೋನಿನ ಮುಂದೆ ಕುಳಿತೆ. ಅದು ನನ್ನನ್ನು ಗುರುತಿಸಲಿಲ್ಲ. ಹಿಂದಿನ ಸಂಜೆ ಸೊಸೆ ನನ್ನ ಮುಖವನ್ನು ಅದಕ್ಕೆ ಪರಿಚಯ ಮಾಡಿಸಿದ್ದಳು. ಆಗ ಕನ್ನಡಕವಿತ್ತು, ತಲೆಗೆ ಒದ್ದೆ ಪಂಚೆ ಸುತ್ತಿರಲಿಲ್ಲ. ಮಡಿಯಲ್ಲಿದ್ದಾಗ ಬೇರೆಯವನಾಗಿ ಕಾಣುತ್ತೇನೆಂಬುದು ಒಂದು ರೀತಿಯಲ್ಲಿ ಸಂತೋಷದ ವಿಷಯವೇ. ಆದರೆ ಅಕ್ಕನಿಗೆ ಈ ತೊಡಕು ಬೇಡವೆಂದು ಬೀಗವನ್ನೇ ತೆಗೆಸಿದೆ. ಪರದೆಯ ಬೆಳಕು ಕತ್ತಲೆಯಲ್ಲಿ ಕಣ್ಣಿಗೆ ಚುಚ್ಚುತ್ತಿತ್ತು; ಅದನ್ನು ತುಪ್ಪದ ದೀಪದಷ್ಟು ಮೃದುವಾಗುವವರೆಗೆ ಇಳಿಸಲು ಬರುತ್ತದೆಂದು ತಿಳಿಯಿತು. ಬಾಗಿದ ಅಂಚಿನಿಂದ ಒಂದು ಉಪದ್ರವವಿತ್ತು: ಅಂಗೈ ಅಲ್ಲಿ ತಾಗಿದರೆ ಪರದೆಯ ಮೇಲಿನ ಚಿತ್ರ ತಾನೇ ಜಾರಿಹೋಗುತ್ತಿತ್ತು. ಆರತಿಯ ತಟ್ಟೆಯನ್ನು ಹಿಡಿಯುವಂತೆ ಕೆಳಗಿನಿಂದ ಆತು ಹಿಡಿದರೆ ಸರಿಯಾಯಿತು. ಸೊಸೆಯ ಗಾಜಿನ ಬೆನ್ನಿನ ಫೋನು ವ್ಯಾಸಪೀಠದ ಮೇಲೆ ಇಟ್ಟೊಡನೆ ಜಾರುತ್ತಿತ್ತು; ಇದು ಕೂತಲ್ಲೇ ಕೂತಿತು. ನನಗೆ ಅನುಮಾನವಿದ್ದ ಆ ಬೆನ್ನೇ ಅದರ ಗುಣವೂ ಆಗಿತ್ತು.

ಪುಟಗಳ ಫೋಟೋ ತೆಗೆಯಲು ಕುಳಿತಾಗ ಬೇರೊಂದು ಸಂಗತಿ ನಡೆಯಿತು. ಕಿಟಕಿಯ ಪಕ್ಕದಲ್ಲಿ ಮಣೆಯಿಟ್ಟು, ಒಂದೊಂದೇ ಹಾಳೆಯನ್ನು ಹೂವಿನಂತೆ ಎತ್ತಿ ಮಲಗಿಸಿ, ನನ್ನ ತಲೆಯ ನೆರಳು ಬೀಳದಂತೆ ಬಾಗಿ ತೆಗೆಯುತ್ತಾ ಹೋದೆ. ಮುಗಿದ ಮೇಲೆ ನೋಡಿದರೆ ಪುಟಗಳೆಲ್ಲ ಮಲ್ಲಿಗೆಯಷ್ಟು ಬೆಳ್ಳಗಿದ್ದವು. ಹೆಂಡತಿ ಮೆಚ್ಚಿದಳು. ನನಗೆ ಮಾತ್ರ ಏನೋ ಕಳೆದುಹೋದಂತೆ ಅನ್ನಿಸಿತು. ಹುಡುಕಿದಾಗ ತಿಳಿಯಿತು: ಹಾಳೆಗಳ ಅಂಚಿನಲ್ಲಿದ್ದ ಅರಿಶಿನದ ಬೆರಳಚ್ಚುಗಳು, ಎಣ್ಣೆಯ ಹನಿ, ನಮ್ಮ ತಾಯಿ ಅಕ್ಕನಿಗೆ ಪಾಠ ನಿಲ್ಲಿಸಿದಲ್ಲೆಲ್ಲ ಇಡುತ್ತಿದ್ದ ಕುಂಕುಮದ ಚುಕ್ಕೆ, ಯಾವುದೂ ಇಲ್ಲ. ಫೋನು ಅವನ್ನೆಲ್ಲ ಕೊಳೆಯೆಂದು ಭಾವಿಸಿ ಶುದ್ಧಿ ಮಾಡಿತ್ತು. ಯಾರೂ ಓದದ ಪುಸ್ತಕ ಅದು.

ಸೊಸೆ ಬಂದು ನೋಡಿ, ಕಾಗದಪತ್ರಗಳನ್ನು ಬೆಳ್ಳಗೆ ಮಾಡಿ ತೋರಿಸುವ ಸೌಕರ್ಯವನ್ನು ನಿಲ್ಲಿಸಿ, ಸಾದಾ ಫೋಟೋ ತೆಗೆಯುವುದನ್ನು ತೋರಿಸಿದಳು. ಮತ್ತೆ ಮೊದಲಿನಿಂದ ತೆಗೆದೆ. ಈಗ ಹಾಳೆಗಳು ಹಾಳೆಗಳಂತೆಯೇ ಬಂದವು. ಮುಕ್ಕಾದ ಮೂಲೆಯೂ, ತಾಯಿಯ ಚುಕ್ಕೆಯೂ. ಫೋನು ಆ ಪರೀಕ್ಷೆಯಲ್ಲಿ ಗೆದ್ದಿತೆಂದೇ ಹೇಳಬೇಕು, ಆದರೆ ಅದರ ಅತಿ ಮಡಿಯನ್ನು ಬಿಡಿಸಿದ ನಂತರ.

ವಾರ ಮುಗಿಯುವ ಮೊದಲೇ, ಧನುರ್ಮಾಸ ಹುಟ್ಟುವ ಹಿಂದಿನ ದಿನ, ಫೋನನ್ನು ಶುಭ್ರವಾದ ವಸ್ತ್ರದಲ್ಲಿ ಸುತ್ತಿಕೊಂಡು ಗುಂಡ್ಲುಪೇಟೆಯ ಬಸ್ಸು ಹತ್ತಿದೆ. ತೆರಕಣಾಂಬಿಯಲ್ಲಿ ಒಬ್ಬ ರೈತರು ಬಾಳೆಯ ಗೊನೆಯೊಂದನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕುಳಿತರು. ಸಿಗ್ನಲ್ ನೋಡಲೆಂದು ನಾನು ಫೋನು ಹೊರತೆಗೆದಾಗ ಅವರ ದೃಷ್ಟಿ ಅದರ ಮೇಲೆ ಬಿತ್ತು. ಹೊಸದೋ ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಅದರ ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಇದು ಚರ್ಮ ಕಣ್ ಬುದ್ದಿ."

ಅಲ್ಲವಂತೆ ಎಂದೆ.

"ಯಾರ್ ಏಳುದ್ರು? ನಾನು ಓದ್ ವರ್ಸ ತಕಂಡಿದ್ದ ಎಕ್ಡ ಇಂಗೇ ಇತ್ತು, ಒಸಿನೂ ಯತ್ಯಾಸ ಇಲ್ಲ," ಎಂದು ತಮ್ಮ ಚಪ್ಪಲಿಯನ್ನು ನೆನೆದು ಅವರು ಮತ್ತೊಮ್ಮೆ ಸವರಿ, ಮುಂದಿನ ಸೀಟಿನವರಿಗೂ ತೋರಿಸಿದರು. ಅವರೂ ಸವರಿ ತಲೆಯಾಡಿಸಿದರು. "ಎಕ್ಡ ಬಾಳಿಕೆ ಬಂತಾ?" ಎಂದು ಅವರು ಕೇಳಿದ್ದಕ್ಕೆ, "ಅದ್ಯಾನ್ ಕೇಳಿಯೆ ಬುಡು, ನಾಯಿ ಕಚ್ಕಂಡ್ ಓಯ್ತು," ಎಂದರು ನನ್ನ ನೆರೆಯವರು. ಬಸ್ಸಿನ ಹಿಂಭಾಗವೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಗುಂಡ್ಲುಪೇಟೆ ಬರುವಷ್ಟರಲ್ಲಿ ಎಕ್ಕಡವೆಂಬ ಆ ಮಾತು ಮನಸ್ಸಿನಲ್ಲಿ ಬೇರೂರಿಬಿಟ್ಟಿತ್ತು. ಅಂಗಡಿಯ ಹುಡುಗಿಯ ಮಾತು ಒಂದು ಪ್ರಮಾಣ, ಸೊಸೆಯ ಮಾತು ಇನ್ನೊಂದು. ಎದುರಿಗೆ ಎರಡು ಹೆಬ್ಬೆರಳುಗಳ ಪ್ರತ್ಯಕ್ಷ. ಜಿಂಕೆಯ ಚರ್ಮ ಜಪಕ್ಕೆ ಆಸನವಾಗಬಹುದಾದರೆ ಇದೇಕಾಗದು ಎಂದು ದಾರಿಯುದ್ದಕ್ಕೂ ಒಂದು ವಾದವನ್ನು ಕಟ್ಟಿಕೊಂಡೆ. ಕಟ್ಟಿದಷ್ಟೂ ಅದು ನನಗೇ ದುರ್ಬಲವಾಗಿ ಕಂಡಿತು.

ಅಕ್ಕ ತನ್ನ ಮಗಳ ಸಂಸಾರದೊಂದಿಗೆ ಇರುತ್ತಾಳೆ. ನಾನು ಹೋದಾಗ ಮಗಳು ಒಳಗೆ ಅವರೆಕಾಳು ಹಿಚುಕುತ್ತಿದ್ದಳು. ಅಕ್ಕ ಹಿತ್ತಿಲಿನ ಕಟ್ಟೆಯ ಮೇಲೆ ತಾಮ್ರದ ಹಂಡೆಯ ಪಕ್ಕ ಕುಳಿತು, ಅಂಗಡಿಯಿಂದ ಬಂದ ತೆಂಗಿನಕಾಯಿ, ವೀಳ್ಯದೆಲೆಗಳನ್ನು ತೊಳೆದಿಡುತ್ತಿದ್ದಳು. ಅವಳ ಮನೆಯಲ್ಲಿ ಹೊರಗಿನಿಂದ ಬಂದ ಯಾವುದೂ ನೀರು ಕಾಣದೆ ದೇವರ ಮನೆಗೆ ಹೋಗುವುದಿಲ್ಲ. ಕಾಣಿಕೆಗೆಂದು ಎತ್ತಿಡುವ ನಾಣ್ಯಗಳನ್ನೂ ಅವಳು ತೊಳೆಯುತ್ತಾಳೆ. ಇದು ನನಗೆ ಬಾಲ್ಯದಿಂದ ಗೊತ್ತು. ಗೊತ್ತಿದ್ದೂ ವಾರವಿಡೀ ಅಷ್ಟೊಂದು ಪರೀಕ್ಷೆ ಮಾಡಿದ ನನಗೆ ಅದೊಂದು ಹೊಳೆಯಲೇ ಇಲ್ಲ.

ಫೋನನ್ನು ಅವಳ ಕೈಗಿತ್ತು, ಅದರಲ್ಲಿ ತಾಯಿಯ ಪುಸ್ತಕವಿದೆಯೆಂದು ಹೇಳಿದೆ. ಅವಳ ಮುಖ ಅರಳಿತು. ಮುಚ್ಚಿಡಲು ಮನಸ್ಸೊಪ್ಪದೆ, ಬೆನ್ನಿನ ವಿಷಯವನ್ನೂ ಹೇಳಿದೆ: ಚರ್ಮವಲ್ಲವೆಂದು ಮಾರಿದವರು ಹೇಳುತ್ತಾರೆ, ಚರ್ಮವೆಂದು ಬಸ್ಸಿನಲ್ಲಿ ಹೇಳಿದರು, ನಿನಗೆ ಮನಸ್ಸಿಲ್ಲದಿದ್ದರೆ ಹಿಂದಕ್ಕೆ ಕೊಟ್ಟುಬಿಡುತ್ತೇನೆ.

"ಇಷ್ಟು ಓದಿದೀಯ, ನಿನಗೇನು ಕಾಣತ್ತೆ?"

ನನಗೆ ತಿಳಿಯದು ಎಂದೆ.

"ಹಾಗಾದರೆ ನೋಡೋಣ," ಎಂದವಳೇ, ತೆಂಗಿನಕಾಯಿಯನ್ನು ಮುಳುಗಿಸಿದಷ್ಟೇ ಸಹಜವಾಗಿ, ಫೋನನ್ನು ಹಂಡೆಯೊಳಗೆ ಮುಳುಗಿಸಿದಳು.

ಮಗಳು ಬಾಗಿಲಲ್ಲಿ ಕಾಳಿನ ಬೋಗುಣಿ ಹಿಡಿದು ನಿಂತುಬಿಟ್ಟಳು. ಅಕ್ಕ ನೀರಿನೊಳಗೆ ಅದರ ಬೆನ್ನನ್ನು ಉಜ್ಜಿದಳು, ಅಂಚುಗಳನ್ನು ಉಜ್ಜಿದಳು, ಹೊರತೆಗೆದು ಒಮ್ಮೆ ಒದರಿದಳು. ಪುಸ್ತಕವೆಲ್ಲ ಅದರೊಳಗಿತ್ತು; ಬೆಳಗಾದರೆ ಧನುರ್ಮಾಸ. ಗೋಪಾಲಸ್ವಾಮಿ ಬೆಟ್ಟದ ಕಡೆಗೆ ತಿರುಗಿ ಮನಸ್ಸಿನಲ್ಲೇ ಕೈಮುಗಿದೆ.

ಅಕ್ಕ ಫೋನನ್ನು ಮೂಗಿನ ಹತ್ತಿರ ಹಿಡಿದಳು. ಬೆನ್ನನ್ನು ಉಗುರಿನಿಂದ ಒತ್ತಿದಳು. "ಚರ್ಮವಾಗಿದ್ದರೆ ನೀರು ಕುಡಿದು ಮೆತ್ತಗಾಗ್ತಿತ್ತು. ವಾಸನೆ ಹೊಡೀತಿತ್ತು. ಇದು ಒಂದು ತೊಟ್ಟು ಕುಡೀಲಿಲ್ಲ ನೋಡೋ," ಎಂದಳು.

ಅಂಗಡಿಯ ಹುಡುಗಿ ಮಳೆಯ ಬಗ್ಗೆ ಹೇಳಿದ್ದು ಆಗ ನೆನಪಿಗೆ ಬಂತು. ಫೋನಿನ ಪಕ್ಕದ ಗುಂಡಿಯನ್ನೊತ್ತಿದೆ. ದೀಪ ಹತ್ತಿತು. ನೀರ ಹನಿಗಳು ಉರುಳಿದಲ್ಲೆಲ್ಲ ಪುಟಗಳು ತಾವಾಗಿ ಹಿಂದೆ ಮುಂದೆ ಓಡಾಡಿದವು. ಮಡಿಯ ಬಟ್ಟೆಯಿಂದ ಒರೆಸಿದ ಮೇಲೆ ಶಾಂತವಾದವು. ತೊಳೆದು ಹಾಳಾಗಿದ್ದರೆ ಏನು ಮಾಡುತ್ತಿದ್ದೆ ಎಂದು ನಾನು ಸ್ವಲ್ಪ ಕಟುವಾಗಿಯೇ ಕೇಳಿದೆ.

"ತೊಳೆದರೆ ಸಾಯೋ ಸಾಮಾನು ದೇವರ ಮನೇಲಿ ನನಗೆ ಯಾಕೆ?" ಎಂದಳು ಅಕ್ಕ. ಮಗಳು ಒಳಗೆ ಓಡಿದಳು. ಅಡುಗೆಮನೆಯಿಂದ ಅವಳ ನಗು ಬಹಳ ಹೊತ್ತು ಕೇಳಿಸುತ್ತಿತ್ತು.

ಆ ರಾತ್ರಿ ಅಲ್ಲಿಯೇ ಉಳಿದೆ. ಮರುದಿನ ಬೆಳಗಿನ ಚಳಿಯಲ್ಲಿ ಅಕ್ಕ ಫೋನಿಗೆ ಇನ್ನೊಂದು ಸಲ ಸ್ನಾನ ಮಾಡಿಸಿ, ಒರೆಸಿ, ವ್ಯಾಸಪೀಠದ ಮೇಲೆ ಕೂರಿಸಿದಳು. ಎರಡು ಬೆರಳುಗಳನ್ನು ಅಗಲಿಸುವುದನ್ನು ಕಲಿಸಿಕೊಟ್ಟೆ. ಅಕ್ಷರಗಳು ಹುಣಿಸೆಬೀಜದಷ್ಟಾದವು, ಅಡಿಕೆಯಷ್ಟಾದವು. ಅವಳು ಬಾಗಿದಳು. ಓದಲಿಲ್ಲ. ಪರದೆಯ ಮೂಲೆಯಲ್ಲಿ, ಅಕ್ಷರಗಳೊಂದಿಗೆ ತಾನೂ ಬೆಳೆದು ನಿಂತಿದ್ದ ಒಂದು ಕೆಂಪು ಚುಕ್ಕೆಯ ಮೇಲೆ ಅವಳ ಬೆರಳು ನಿಂತಿತ್ತು.

"ಅಮ್ಮ ಇಲ್ಲಿ ನಿಲ್ಲಿಸಿದ್ದಳು," ಎಂದಳು. "ಅವತ್ತು ನಿನಗೆ ಜ್ವರ. ನೀನು ಅಳ್ತಿದ್ದೆ ಅಂತ ಎದ್ದು ಹೋದಳು."

ನನಗೆ ಅದರ ನೆನಪಿಲ್ಲ. ನಾನು ಆಗ ತೊಟ್ಟಿಲ ಮಗುವಾಗಿದ್ದಿರಬೇಕು.

ಅವಳು ಗಂಟಲು ಸರಿಮಾಡಿಕೊಂಡು ಆರಂಭಿಸಿದಳು. ಒಂದು ಕಡೆ ಶಬ್ದ ಕಠಿಣವಾದುದರಿಂದ ಅಭ್ಯಾಸಬಲದಿಂದ ನಾನು ಮುಂದಿನ ಪದವನ್ನು ಎತ್ತಿಕೊಡಲು ಹೋದೆ. ಅಕ್ಕ ತಲೆಯೆತ್ತದೆ ಎಡಗೈಯನ್ನು ಮೇಲೆತ್ತಿ ನನ್ನನ್ನು ತಡೆದು, ತಾನೇ ಓದಿದಳು. ಹುಗ್ಗಿಯ ಪರಿಮಳ ಒಳಕ್ಕೆ ಬರುವ ಹೊತ್ತಿಗೆ ಅಂದಿನ ಭಾಗ ಮುಗಿಯಿತು. ಪುಸ್ತಕದಲ್ಲಿ ಮಾಡುತ್ತಿದ್ದಂತೆಯೇ, ನಿಲ್ಲಿಸಿದ ಸಾಲಿನ ಮೇಲೆ ಒಂದು ತುಳಸಿಯ ದಳವನ್ನಿಟ್ಟು ಎದ್ದಳು. ಫೋನಿಗೆ ಅದು ಅನಾವಶ್ಯಕ. ಕೆಳಗಿನ ಬೆಳಕಿಗೆ ಆ ಎಲೆಯ ನರಗಳೆಲ್ಲ ಸ್ವಲ್ಪ ಹೊತ್ತು ಕಾಣುತ್ತಿದ್ದವು. ಆಮೇಲೆ ಪರದೆ ತಾನಾಗಿ ಆರಿತು.