ಕೊಗ್ಗಣ್ಣ ಮತ್ತು ಸ್ಪ್ರಿಂಗ್ ಫೋರ್ಕು
ಒಮಾನಿನ ಕಡಲತೀರದ ಸುವೈಕಿನಲ್ಲಿ ಸೈಕಲ್ ರಿಪೇರಿ ಮಾಡುವ ಕೊಗ್ಗಣ್ಣನಿಗೆ ತೊಂಬತ್ತಾರರಲ್ಲಿ ಏರಿದ ಸಿಟ್ಟು ಇನ್ನೂ ಇಳಿದಿಲ್ಲ. ಮುಂದಿನ ಚಕ್ರದ ಫೋರ್ಕಿಗೆ ಕುಲುಕು ತಡೆಯುವ ಸ್ಪ್ರಿಂಗ್ ಇಟ್ಟ ಸೈಕಲ್ಲುಗಳು ಅವನ ಅಂಗಡಿಗೆ ಬರತೊಡಗಿದ್ದು ಆ ವರ್ಷವೇ. ಅಂಥದ್ದೊಂದು ಎದುರು ನಿಂತರೆ ಸಾಕು, ಹ್ಯಾಂಡಲ್ ಒತ್ತಿ, ಒಳಗೆ ಮರಳು ಕರಕರ ಎನ್ನುವುದನ್ನು ಸವಾರನಿಗೇ ಕೇಳಿಸುತ್ತಾನೆ. "ಇದೆಂತ ಮಾರಾಯ, ಸೈಕಲಾ ತೊಟ್ಟಿಲಾ? ಈ ಕಡಲ ಉಪ್ಪಿಗೆ ಸ್ಪ್ರಿಂಗ್ ಬಾಳ್ಲಿಕ್ಕುಂಟಾ?" ಎಂದು ಬೈಯುತ್ತಲೇ ಅದನ್ನು ಕಳಚಿ, ಸ್ಪ್ರಿಂಗಿಲ್ಲದ ಗಟ್ಟಿ ಫೋರ್ಕ್ ಕೂರಿಸಿ, "ಖಲಾಸ್, ಇನ್ನು ನಿನ್ನ ಮೊಮ್ಮಗನೂ ಓಡಿಸ್ಬಹುದು" ಎನ್ನುತ್ತಾನೆ. ಬೇಡವೆಂದವರನ್ನೂ ಬಿಟ್ಟವನಲ್ಲ. ಖರ್ಜೂರದ ತೋಟದ ಕೆಲಸಗಾರ ಗುರುವನ ಸೈಕಲ್ಲಿಗೂ ಹಾಗೆಯೇ ಮಾಡಿದ್ದ. ಹಿಂದೊಮ್ಮೆ ಮರದಿಂದ ಬಿದ್ದಾಗ ಮುರಿದಿದ್ದ ಗುರುವನ ಮಣಿಕಟ್ಟು ಕಲ್ಲುದಾರಿಯ ಕುಲುಕಿಗೆ ವಾರದೊಳಗೆ ಊದಿಕೊಂಡಿತು. ಕೆಲಸ ಹೋದೀತೆಂದು ಅವನು ಯಾರಿಗೂ ಹೇಳಲಿಲ್ಲ, ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದು ಅಂಗಡಿಯ ಮುಂದೆ ಹಾದುಹೋಗುತ್ತಿದ್ದ. ಊದಿದ ಮಣಿಕಟ್ಟು ಕಂಡ ಕೊಗ್ಗಣ್ಣ ಅವನನ್ನು ತಡೆದು ನಿಲ್ಲಿಸಿ, ಹಳೆಯ ಸ್ಪ್ರಿಂಗ್ ಫೋರ್ಕನ್ನೇ ಮತ್ತೆ ಹಾಕಿದ. ಈಗ ಪ್ರತಿ ಶುಕ್ರವಾರ, ರಜೆಯ ದಿನವೇ ಕೂತು, ಅದನ್ನು ಬಿಚ್ಚಿ ಮರಳು ಒರೆಸಿ ಗ್ರೀಸ್ ಹಚ್ಚುತ್ತಾನೆ. "ಎಂತ ಕೊಗ್ಗಣ್ಣ, ತೊಟ್ಟಿಲು ತೂಗ್ತಿದ್ದೀರಾ?" ಎಂದು ಗುರುವ ನಗುತ್ತಾನೆ. "ಸುಮ್ನಿರು ಮಾರಾಯ," ಎಂದು ಕೊಗ್ಗಣ್ಣ ಸಿಡುಕುತ್ತಾನೆ, "ಮೊದಲು ಆ ಕೈ ತೋರಿಸು."